ನೆನಪಿನ ತೋಟದಲ್ಲಿ ಟೀವಿ ಪೆಟ್ಟಿಗೆ

ಬೆಂಗಳೂರಿನ ಲಾಲ್‌ಬಾಗ್ ನೋಡದವರು ಕಡಿಮೆ. ಆದರೆ ಅಲ್ಲಿ ಅಡ್ಡಾಡುವವರಲ್ಲಿ ಎಷ್ಟು ಮಂದಿಗೆ ಶಿರಾ ನೆನಪಾಗುತ್ತದೆ? ಸಸ್ಯಕಾಶಿ ಎನಿಸಿದ ಆ ತೋಟಕ್ಕೂ ತುಮಕೂರು ಜಿಲ್ಲೆಯ ಈ ಒಣ ಬಯಲಿನ ಊರಿಗೂ ಎಲ್ಲಿಂದೆಲ್ಲಿಯ ನಂಟು ಎಂದು ಕೇಳಬಹುದು. ನಂಟು ಇದೆ. ಅದನ್ನು ಹಿಡಿದು ಹೊರಟರೆ ಕಾಬೂಲಿನ ಕರಬೂಜದ ಹಣ್ಣಿನಿಂದ ಹಿಡಿದು ಇಂದಿನ ಕಲಾ ಗ್ಯಾಲರಿಗಳ ಕತ್ತಲೆ ಕೋಣೆಯಲ್ಲಿ ಮಿನುಗುವ ವಿಡಿಯೋ ಪರದೆಗಳವರೆಗೆ ಒಂದು ಉದ್ದನೆಯ ದಾರಿ ತೆರೆದುಕೊಳ್ಳುತ್ತದೆ. ಆ ದಾರಿಯ ಹೆಸರು ಹಂಬಲ.

ಕಳೆದುಹೋದ ಊರು, ಮನೆ, ಕಾಲಗಳಿಗಾಗಿ ಮನಸ್ಸು ಮರುಗುವುದನ್ನು ಇಂಗ್ಲಿಷಿನಲ್ಲಿ ನಾಸ್ಟಾಲ್ಜಿಯಾ ಎನ್ನುತ್ತಾರೆ. ಕನ್ನಡದಲ್ಲಿ ಹಳಹಳಿಕೆ ಎಂಬ ಒಳ್ಳೆಯ ಮಾತಿದೆ. ಹಿರಿಯರು "ನಮ್ಮ ಕಾಲದಲ್ಲಿ..." ಎಂದು ಶುರುಮಾಡಿದರೆ ಮಕ್ಕಳು ಮೆಲ್ಲಗೆ ಜಾಗ ಖಾಲಿ ಮಾಡುವುದು ಎಲ್ಲ ಮನೆಗಳಲ್ಲೂ ಇರುವುದೇ. ಹಳಹಳಿಕೆಯೆಂದರೆ ಕೆಲಸವಿಲ್ಲದವರ ಕೆಲಸ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅದು ಪೂರ್ತಿ ನಿಜವಲ್ಲ ಎಂಬುದಕ್ಕೆ ಇತಿಹಾಸದಲ್ಲೂ ವಿಜ್ಞಾನದಲ್ಲೂ ಕಲೆಯಲ್ಲೂ ಸಾಕ್ಷ್ಯವಿದೆ.

ತೋಟದಿಂದ ತೋಟಕ್ಕೆ

1526ರಲ್ಲಿ ಪಾಣಿಪತ್ತಿನ ಯುದ್ಧ ಗೆದ್ದು ಬಾಬರ್ ಆಗ್ರಾಕ್ಕೆ ಬಂದ. ರಾಜ್ಯ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ಇಲ್ಲಿನ ಸೆಕೆ, ಧೂಳು ಅವನಿಗೆ ಹಿಡಿಸಲಿಲ್ಲ. ಹರಿಯುವ ನೀರಿನ ಕಾಲುವೆಗಳಿಲ್ಲ, ಒಳ್ಳೆಯ ದ್ರಾಕ್ಷಿಯಿಲ್ಲ, ಕರಬೂಜವಿಲ್ಲ ಎಂದು ತನ್ನ ಆತ್ಮಕಥೆಯಲ್ಲಿ ಪಟ್ಟಿ ಮಾಡಿದ್ದಾನೆ. ಒಮ್ಮೆ ಊರ ಕಡೆಯಿಂದ ಬಂದ ಕರಬೂಜದ ಹಣ್ಣನ್ನು ಕೊಯ್ಯುವಾಗ ಕಣ್ಣಲ್ಲಿ ನೀರು ಬಂದಿತೆಂದು ಗೆಳೆಯನಿಗೆ ಪತ್ರ ಬರೆದ. ಆದರೆ ಅವನು ಅಳುತ್ತ ಕೂರಲಿಲ್ಲ. ಯಮುನೆಯ ದಡದಲ್ಲಿ ಬಾವಿ ತೋಡಿಸಿ, ಕಾಲುವೆ ಹರಿಸಿ, ನೆಲವನ್ನು ನಾಲ್ಕು ಪಾಲಾಗಿ ವಿಂಗಡಿಸಿ ತನ್ನ ನಾಡಿನ ಮಾದರಿಯ ಚಾರ್‌ಬಾಗ್ ತೋಟ ಮಾಡಿಸಿದ. ಆ ಮಾದರಿ ಮೊಗಲರೊಡನೆ ದೇಶದುದ್ದಕ್ಕೂ ಸಂಚರಿಸಿತು.

1687ರಲ್ಲಿ ಶಿರಾ ಮೊಗಲರ ಕೈಸೇರಿ ಒಂದು ಸುಬಾದ ಮುಖ್ಯ ಪಟ್ಟಣವಾಯಿತು. 1696ರ ಜುಮ್ಮಾ ಮಸೀದಿ ಆ ಕಾಲದ್ದು. ಮಲಿಕ್ ರಿಹಾನನ ಗೋರಿ ಅದಕ್ಕೂ ಹಿಂದಿನದು, 1651ರದು. ದಿಲಾವರ್ ಖಾನನ ಆಡಳಿತದಲ್ಲಿ ಊರು ಎಷ್ಟು ಬೆಳೆದಿತ್ತೆಂದರೆ ಇಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂಬ ಹೇಳಿಕೆಯನ್ನು ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಅವನ ಅರಮನೆಯ ಚೆಲುವನ್ನು ನೋಡಿಯೇ ಹೈದರ್ ಮತ್ತು ಟಿಪ್ಪು ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳನ್ನು ಕಟ್ಟಿಸಿದರೆಂದೂ, ಇಲ್ಲಿನ ಖಾನ್ ಬಾಗ್ ತೋಟವೇ ಲಾಲ್‌ಬಾಗಿಗೆ ಪ್ರೇರಣೆಯೆಂದೂ ಅದೇ ಗೆಜೆಟಿಯರು ಹೇಳುತ್ತದೆ. ಕಾಬೂಲಿನ ಹಂಬಲ ಆಗ್ರಾದಲ್ಲಿ ತೋಟವಾಯಿತು, ಶಿರಾದಲ್ಲಿ ಮಾದರಿಯಾಯಿತು, ಬೆಂಗಳೂರಿನಲ್ಲಿ ಲಾಲ್‌ಬಾಗ್ ಆಯಿತು ಎನ್ನಬಹುದು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಟಿಪ್ಪು ಶ್ರೀರಂಗಪಟ್ಟಣದ ದ್ವೀಪದಲ್ಲಿ ಶಹರ್ ಗಂಜಾಂ ಎಂಬ ಹೊಸ ಪೇಟೆ ಕಟ್ಟಿಸಿದಾಗ ಅಲ್ಲಿ ಜನ ತುಂಬಬೇಕಲ್ಲ? ಅದಕ್ಕಾಗಿ ಶಿರಾದಿಂದ 12,000 ಸಂಸಾರಗಳನ್ನು ಬಲವಂತವಾಗಿ ಸಾಗಿಸಲಾಯಿತು ಎಂದು ಗೆಜೆಟಿಯರು ತಿಳಿಸುತ್ತದೆ. ಬಾಬರನಿಗೆ ಊರು ನೆನಪಾದರೆ ತೋಟ ಮಾಡಿಸಬಹುದಿತ್ತು, ಆತ್ಮಕಥೆ ಬರೆಯಬಹುದಿತ್ತು. ಗಂಜಾಮಿನ ಬೀದಿಯಲ್ಲಿ ಬಿಡಾರ ಹೂಡಿದ ಶಿರಾದ ನೇಕಾರನಿಗೆ, ಗಾಣಿಗನಿಗೆ, ಕೈಕೂಸಿನ ತಾಯಿಗೆ ಊರು ನೆನಪಾದರೆ ಏನು ಮಾಡಬೇಕಿತ್ತು? ಹಂಬಲ ಎಲ್ಲರಿಗೂ ಇರುತ್ತದೆ. ಅದಕ್ಕೆ ರೂಪ ಕೊಡುವ ಸಾಧನ ಮಾತ್ರ ಬಹುಕಾಲ ಉಳ್ಳವರ ಕೈಯಲ್ಲಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಆ ಸಾಧನಗಳಲ್ಲೊಂದು ಸಾಮಾನ್ಯರ ಕೈಗೂ ಬಂತು. ಅದೇ ಕ್ಯಾಮೆರಾ, ಅದರ ಹಿಂದೆಯೇ ವಿಡಿಯೋ.

ಕಾಯಿಲೆಯೆಂದು ಹುಟ್ಟಿದ ಮಾತು

ನಾಸ್ಟಾಲ್ಜಿಯಾ ಎಂಬ ಮಾತು ಹುಟ್ಟಿದ್ದು ಕವಿಗಳಿಂದಲ್ಲ, ವೈದ್ಯಶಾಸ್ತ್ರದಿಂದ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ ಬಾಸೆಲ್ ವಿಶ್ವವಿದ್ಯಾಲಯಕ್ಕೆ ಒಂದು ಪ್ರಬಂಧ ಸಲ್ಲಿಸಿದ. ಊರು ಬಿಟ್ಟು ಪರದೇಶದಲ್ಲಿರುವವರಿಗೆ ನಿದ್ದೆ ಬಾರದೆ, ಊಟ ಸೇರದೆ, ಜ್ವರ ಬಂದು ಸೊರಗುವುದನ್ನು ಅವನು ವಿವರಿಸಿದ. ಗ್ರೀಕ್ ಭಾಷೆಯ 'ನಾಸ್ಟಾಸ್' ಎಂದರೆ ಮನೆಗೆ ಮರಳುವುದು, 'ಆಲ್ಗಾಸ್' ಎಂದರೆ ನೋವು. ಎರಡನ್ನೂ ಕೂಡಿಸಿ ಕಾಯಿಲೆಗೆ ಹೆಸರಿಟ್ಟ. ಮುಂದೆ ಷಾಯ್‌ಖ್ಸರ್ ಎಂಬ ಇನ್ನೊಬ್ಬ ಸ್ವಿಸ್ ವಿದ್ವಾಂಸ ಇದಕ್ಕೆ ವಾಯುಭಾರವೇ ಕಾರಣ ಎಂದ. ಎತ್ತರದ ಬೆಟ್ಟದಲ್ಲಿ ಬೆಳೆದವರು ತಗ್ಗಿನ ನಾಡಿಗೆ ಇಳಿದಾಗ ಹೆಚ್ಚಿದ ಗಾಳಿಯ ಒತ್ತಡ ರಕ್ತವನ್ನು ಅದುಮುತ್ತದೆ ಎಂಬುದು ಅವನ ವಾದ! ಬೆಟ್ಟವಿಲ್ಲದ ಊರಿನವರಿಗೂ ಊರಿನ ಚಿಂತೆ ಹತ್ತುತ್ತದೆಂಬ ಸರಳ ಸಂಗತಿಯೇ ಈ ವಾದವನ್ನು ಉರುಳಿಸಲು ಸಾಕು.

ಇಂದಿನ ಮನೋವಿಜ್ಞಾನ ಇದನ್ನು ಕಾಯಿಲೆ ಎನ್ನುವುದಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಟಿಮ್ ವೈಲ್ಡ್‌ಶುಟ್, ಕಾನ್‌ಸ್ಟಂಟೈನ್ ಸೆಡಿಕೈಡಿಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರು ಬರೆದುಕೊಟ್ಟ ಇಂಥ ನೆನಪುಗಳನ್ನು ಪರಿಶೀಲಿಸಿದರು. ಹೆಚ್ಚಿನವುಗಳಲ್ಲಿ ಬರೆದವರ ಜೊತೆ ಅವರ ಆಪ್ತರು ಇದ್ದರು. ದುಃಖದಲ್ಲಿ ಶುರುವಾದ ಎಷ್ಟೋ ನೆನಪುಗಳು ಸಮಾಧಾನದಲ್ಲಿ ಮುಗಿದಿದ್ದವು. ಒಂಟಿತನ ಕಾಡಿದಾಗ ಹಂಬಲ ಹೆಚ್ಚುತ್ತದೆ, ಹಂಬಲಿಸಿದ ಮೇಲೆ ತನಗೂ ನಾಲ್ಕು ಜನರಿದ್ದಾರೆ ಎಂಬ ಧೈರ್ಯ ಬರುತ್ತದೆ ಎಂದು ಈ ಬಗೆಯ ಅಧ್ಯಯನಗಳು ತೋರಿಸಿದವು.

ಇದೇ ಬಳಗದ ಸಂಶೋಧಕರು 2015ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೆಲವರಿಗೆ ಹಂಬಲ ಹುಟ್ಟಿಸುವ ಹಳೆಯ ಘಟನೆಯನ್ನು, ಇನ್ನು ಕೆಲವರಿಗೆ ಸಾಧಾರಣ ಘಟನೆಯನ್ನು ನೆನಪು ಮಾಡಿಕೊಳ್ಳಲು ಹೇಳಿ, ಆಮೇಲೆ ಎಲ್ಲರಿಂದಲೂ ಕಥೆ ಬರೆಸಿದರು. ಯಾರು ಯಾವ ಗುಂಪಿನವರೆಂದು ತಿಳಿಯದವರು ಬರಹಗಳ ಮೌಲ್ಯಮಾಪನ ಮಾಡಿದರು. ಹಂಬಲಿಸಿದವರ ಬರಹದಲ್ಲಿ ಹೊಸತನ ಹೆಚ್ಚಾಗಿತ್ತು. ಹಳೆಯದನ್ನು ನೆನೆದವರ ಮನಸ್ಸು ಹಳೆಯದಕ್ಕೆ ಅಂಟಿಕೊಳ್ಳುವ ಬದಲು ಹೊಸದಕ್ಕೆ ತೆರೆದುಕೊಂಡಿತ್ತು ಎಂಬುದು ಇಲ್ಲಿಯ ಸ್ವಾರಸ್ಯ.

ವಿಡಿಯೋ ಪ್ರತಿಷ್ಠಾಪನೆ ಎಂದರೇನು?

ಈಗ ಕಲೆಯ ಕಡೆಗೆ ಬರೋಣ. ಸಿನಿಮಾದಲ್ಲಿ ಪ್ರೇಕ್ಷಕ ಕುರ್ಚಿಯಲ್ಲಿ ಕೂರುತ್ತಾನೆ, ಚಿತ್ರ ಓಡುತ್ತದೆ. ವಿಡಿಯೋ ಪ್ರತಿಷ್ಠಾಪನಾ ಕಲೆಯಲ್ಲಿ ಚಿತ್ರಗಳು ಕೋಣೆಯ ಗೋಡೆ, ನೆಲ, ಪೆಟ್ಟಿಗೆ, ಬಟ್ಟೆಗಳ ಮೇಲೆ ಇರುತ್ತವೆ. ನೋಡುವವನು ಅವುಗಳ ನಡುವೆ ಓಡಾಡುತ್ತಾನೆ. ಚಿತ್ರಕ್ಕೆ ಸಾಮಾನ್ಯವಾಗಿ ಆದಿ ಅಂತ್ಯಗಳಿಲ್ಲ, ಸುತ್ತಿ ಸುತ್ತಿ ಮತ್ತೆ ಬರುತ್ತದೆ. ಕೆಲವೊಮ್ಮೆ ನೋಡುವವನ ನೆರಳೂ ಚಿತ್ರದ ಮೇಲೆ ಬಿದ್ದು ಅದರ ಭಾಗವಾಗುತ್ತದೆ. ನೆನಪು ಕೂಡ ಹೀಗೆಯೇ ಅಲ್ಲವೇ? ಅದು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಬರುವುದಿಲ್ಲ. ಅಲ್ಲೊಂದು ಮುಖ, ಇಲ್ಲೊಂದು ದನಿ, ನಡುವೆ ಹುರಿದ ಕಡಲೆಕಾಯಿಯ ವಾಸನೆ. ನೆನಪಿನ ಬಗ್ಗೆ ಕೆಲಸ ಮಾಡುವ ಕಲಾವಿದರು ಈ ಮಾಧ್ಯಮಕ್ಕೆ ಒಲಿದಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಕಲೆಯ ಹಿರಿಯ ನಾಮ್ ಜೂನ್ ಪೈಕ್. 1932ರಲ್ಲಿ ಸಿಯೋಲಿನಲ್ಲಿ ಹುಟ್ಟಿ, ಕೊರಿಯಾ ಯುದ್ಧದ ಸಮಯದಲ್ಲಿ ಕುಟುಂಬದೊಡನೆ ದೇಶ ಬಿಟ್ಟವರು. 1963ರಲ್ಲಿ ಜರ್ಮನಿಯ ವುಪ್ಪರ್‌ಟಾಲ್ ಪಟ್ಟಣದಲ್ಲಿ ಟೀವಿ ಸೆಟ್ಟುಗಳ ಚಿತ್ರವನ್ನು ಬೇಕೆಂದೇ ಸೊಟ್ಟಗೆ ಮಾಡಿ ಪ್ರದರ್ಶನಕ್ಕಿಟ್ಟರು. 1974ರಲ್ಲಿ 'ಟೀವಿ ಗಾರ್ಡನ್' ರಚಿಸಿದರು. ದಟ್ಟವಾಗಿ ಜೋಡಿಸಿದ ಹಸಿರು ಗಿಡಗಳ ನಡುವೆ ಆಕಾಶಕ್ಕೆ ಮುಖಮಾಡಿ ಮಲಗಿದ ಟೀವಿಗಳು ಹೂವುಗಳಂತೆ ಮಿನುಗುತ್ತವೆ. ತನ್ನ ಊರಿನಿಂದ ದೂರವಾದವನು ಪರನೆಲದಲ್ಲಿ ತೋಟ ಹಾಕಿದ ಎಂದು ನೋಡಿದರೆ ಪೈಕ್ ಮತ್ತು ಬಾಬರ್ ನಡುವಿನ ನಾಲ್ಕೂವರೆ ಶತಮಾನಗಳ ಅಂತರ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ.

ತೊಗಲುಗೊಂಬೆಯ ನೆಂಟಸ್ತಿಕೆ

ಕತ್ತಲಲ್ಲಿ ಪರದೆ ಕಟ್ಟಿ, ಬೆಳಕು ಹಾಯಿಸಿ, ಚಲಿಸುವ ಚಿತ್ರ ತೋರಿಸುವುದು ಕನ್ನಡ ನಾಡಿಗೆ ಹೊಸದಲ್ಲ. ತೊಗಲುಗೊಂಬೆಯವರು ರಾತ್ರಿಯಿಡೀ ಇದನ್ನೇ ಮಾಡುತ್ತಿದ್ದರು. ಹದ ಮಾಡಿದ ತೆಳು ಚರ್ಮ ಅರೆಪಾರಕ. ದೀಪದ ಬೆಳಕು ಅದರ ಬಣ್ಣಗಳ ಮೂಲಕ ಸೋಸಿ ಪರದೆಯ ಮೇಲೆ ಕೆಂಪು, ಹಸಿರಾಗಿ ಬೀಳುತ್ತದೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಅಂಚು ಸ್ಪಷ್ಟ. ದೀಪದ ಕಡೆಗೆ ಸರಿಸಿದರೆ ನೆರಳು ದೊಡ್ಡದಾಗಿ, ಅಂಚು ಮಸುಕಾಗುತ್ತದೆ. ಪ್ರೌಢಶಾಲೆಯಲ್ಲಿ ಓದುವ ಪೂರ್ಣಛಾಯೆ, ಅರೆಛಾಯೆಗಳ ಪಾಠವಿದು. ಎಂ. ಎಸ್. ನಂಜುಂಡರಾಯರು ಊರೂರು ಸುತ್ತಿ ಕೂಡಿಹಾಕಿದ ತೊಗಲುಗೊಂಬೆಗಳ ಸಂಗ್ರಹ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿದೆ.

ನಳಿನಿ ಮಲಾನಿ ಅವರ 'ವಿಡಿಯೋ-ನೆರಳಾಟ' ಕೃತಿಗಳನ್ನು ನೋಡಿದ ಕನ್ನಡಿಗರಿಗೆ ಈ ಗೊಂಬೆಯಾಟ ನೆನಪಾದರೆ ತಪ್ಪಿಲ್ಲ. ಪಾರದರ್ಶಕ ಹಾಳೆಯ ದೊಡ್ಡ ಉರುಳೆಗಳ ಒಳಮೈಗೆ ಅವರು ಚಿತ್ರ ಬರೆಯುತ್ತಾರೆ. ಉರುಳೆಗಳು ಮೋಟಾರಿನಿಂದ ನಿಧಾನವಾಗಿ ತಿರುಗುತ್ತವೆ. ಅವುಗಳ ಮೂಲಕ ವಿಡಿಯೋ ಬೆಳಕು ಹಾಯ್ದು ಗೋಡೆಗಳ ಮೇಲೆ ಚಿತ್ರವೂ ನೆರಳೂ ಒಂದರೊಳಗೊಂದು ಬೆರೆಯುತ್ತವೆ. 2012ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಅವರು ಇಟ್ಟ ಕೃತಿಯಲ್ಲಿ ಇಂಥ ಐದು ಉರುಳೆಗಳಿದ್ದವು. ಅವರಿಗೆ 2023ರ ಕ್ಯೋಟೋ ಪ್ರಶಸ್ತಿ ಸಂದಿತು.

ಟ್ರಂಕಿನೊಳಗೆ ಟೀವಿ

ಮಲಾನಿ ಹುಟ್ಟಿದ್ದು 1946ರಲ್ಲಿ, ಕರಾಚಿಯಲ್ಲಿ. ಮರುವರ್ಷ ದೇಶ ಎರಡಾಯಿತು. ಕುಟುಂಬ ಕಲ್ಕತ್ತೆಗೆ, ಆಮೇಲೆ ಮುಂಬಯಿಗೆ ಬಂತು. ಮಗುವಾಗಿದ್ದ ಅವರಿಗೆ ಕರಾಚಿಯ ನೆನಪು ಇರಲು ಸಾಧ್ಯವಿಲ್ಲ. ಆದರೆ ಹಂಬಲ ಆಸ್ತಿಯ ಹಾಗೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬರುತ್ತದೆ.

1998ರ ಮೇ ತಿಂಗಳಲ್ಲಿ ಪೋಖರಣ್‌ನಲ್ಲಿ ಭಾರತ ಅಣು ಪರೀಕ್ಷೆ ನಡೆಸಿತು. ಕೆಲವೇ ದಿನಗಳಲ್ಲಿ ಪಾಕಿಸ್ತಾನವೂ ನಡೆಸಿತು. ಆ ಹಿನ್ನೆಲೆಯಲ್ಲಿ ಮಲಾನಿ ರಚಿಸಿದ ವಿಡಿಯೋ ಪ್ರತಿಷ್ಠಾಪನೆಯ ಹೆಸರು 'ರಿಮೆಂಬರಿಂಗ್ ಟೋಬಾ ಟೇಕ್ ಸಿಂಗ್'. ಸಾದತ್ ಹಸನ್ ಮಂಟೋ ಬರೆದ ಉರ್ದು ಕಥೆ ಇದಕ್ಕೆ ಆಧಾರ. ದೇಶ ವಿಭಜನೆಯಾದ ಮೇಲೆ ಎರಡೂ ಸರ್ಕಾರಗಳು ಹುಚ್ಚಾಸ್ಪತ್ರೆಯ ರೋಗಿಗಳನ್ನೂ ಅದಲು ಬದಲು ಮಾಡಿಕೊಳ್ಳಲು ನಿರ್ಧರಿಸುತ್ತವೆ. ಬಿಷನ್ ಸಿಂಗ್ ಎಂಬ ರೋಗಿಗೆ ಬೇಕಾದದ್ದು ಒಂದೇ ಉತ್ತರ: ತನ್ನ ಊರು ಟೋಬಾ ಟೇಕ್ ಸಿಂಗ್ ಈಗ ಯಾವ ದೇಶದಲ್ಲಿದೆ? ಕೊನೆಗೆ ಅವನು ಯಾವ ದೇಶಕ್ಕೂ ಸೇರದ ಗಡಿಯ ನೆಲದ ಮೇಲೆ ಕುಸಿದು ಬೀಳುತ್ತಾನೆ.

ಮಲಾನಿ ಮಾಡಿದ್ದೇನು? ಹನ್ನೆರಡು ತಗಡಿನ ಟ್ರಂಕುಗಳನ್ನು ನೆಲದ ಮೇಲಿಟ್ಟು, ಪ್ರತಿಯೊಂದರಲ್ಲೂ ಒಂದು ಟೀವಿ ಇರಿಸಿದರು. ಮನೆ ಬಿಟ್ಟು ಓಡುವವರು ಕೈಗೆ ಸಿಕ್ಕಿದ್ದನ್ನು ತುಂಬಿಕೊಳ್ಳುವುದು ಟ್ರಂಕಿನಲ್ಲೇ ತಾನೆ? ಆ ಟ್ರಂಕಿನೊಳಗಿನಿಂದ ನಿರಾಶ್ರಿತರ ಚಿತ್ರಗಳು ಮೇಲೆ ನೋಡುತ್ತವೆ. ಎದುರುಬದುರು ಗೋಡೆಗಳಲ್ಲಿ ಇಬ್ಬರು ಹೆಂಗಸರು ಒಂದು ಸೀರೆಯನ್ನು ಮಡಿಸಲು ಯತ್ನಿಸುತ್ತಾರೆ. ಒಬ್ಬಳು ಆ ಗೋಡೆಯಲ್ಲಿ, ಇನ್ನೊಬ್ಬಳು ಈ ಗೋಡೆಯಲ್ಲಿ; ಸೀರೆ ಮಡಿಕೆಯಾಗುವುದು ಹೇಗೆ? ನಡುವೆ ನಿಂತ ನಾವು ಕತ್ತು ತಿರುಗಿಸಿ ಎರಡೂ ಕಡೆ ನೋಡಬೇಕು. ಹಿರೋಷಿಮಾ, ನಾಗಸಾಕಿಗಳ ಬಾಂಬಿನ ಚಿತ್ರಗಳೂ ಅಲ್ಲಿವೆ. ಕಳೆದುಹೋದ ಊರಿನ ಹಂಬಲ ಇಲ್ಲಿ ಬರಲಿರುವ ದಿನಗಳ ಬಗೆಗಿನ ಎಚ್ಚರಿಕೆಯಾಗಿ ಮಾರ್ಪಟ್ಟಿದೆ.

ಬಣ್ಣದ ಮೇಲೆ ಬೆಳಕು, ಹಳೆಯ ಸುರುಳಿಗೆ ಹೊಸ ಜೀವ

1953ರಲ್ಲಿ ಪಟಿಯಾಲಾದಲ್ಲಿ ಹುಟ್ಟಿದ ರಣಬೀರ್ ಕಾಲೇಕಾ ಅವರದು ಬೇರೆ ದಾರಿ. ಅವರು ಮೊದಲು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಚಿತ್ರ ಬರೆಯುತ್ತಾರೆ, ಆಮೇಲೆ ಅದೇ ಚಿತ್ರದ ಮೇಲೆ ಸರಿಯಾಗಿ ಕೂರುವಂತೆ ವಿಡಿಯೋ ಬೆಳಕು ಬಿಡುತ್ತಾರೆ. ಸೂಜಿಗೆ ದಾರ ಪೋಣಿಸುವ ಮನುಷ್ಯನ ಕೃತಿ 1998-99ರದು. ನೋಡುತ್ತಿದ್ದಂತೆ ಚಿತ್ರದ ಮನುಷ್ಯ ಉಸಿರಾಡುತ್ತಾನೆ, ಅಲುಗುತ್ತಾನೆ. ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದು ಇಲ್ಲಿದೆ. ಬೆಳಕಿನ ಕೆಂಪು, ಹಸಿರು, ನೀಲಿ ಕೂಡಿದರೆ ಬಿಳಿ. ಡಬ್ಬಿಯ ಬಣ್ಣಗಳನ್ನು ಬೆರೆಸುತ್ತ ಹೋದರೆ ಕಪ್ಪಿನ ಕಡೆಗೆ. ಕೆಂಪು ಬಣ್ಣ ಬಳಿದ ಜಾಗ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಂಪನ್ನಷ್ಟೇ ಹಿಂದಿರುಗಿಸುತ್ತದೆ. ಈ ಎರಡು ಬಗೆಯ ಬೆರಕೆಯನ್ನೂ ಒಂದೇ ಹಲಗೆಯ ಮೇಲೆ ಹೊಂದಿಸುವುದು ಸಾಮಾನ್ಯ ಕೆಲಸವಲ್ಲ. ಪ್ರೊಜೆಕ್ಟರ್ ಆರಿಸಿದರೆ ಚಲನೆ ಹೋಗುತ್ತದೆ, ಬಣ್ಣದ ಚಿತ್ರ ಉಳಿಯುತ್ತದೆ.

ಬೆಂಗಳೂರಿನ ಅಯಿಷಾ ಅಬ್ರಹಾಂ ಅವರ ಕಚ್ಚಾ ವಸ್ತು ಇತರರ ಮನೆಯ ಕಪಾಟಿನಲ್ಲಿ ಬಿದ್ದಿದ್ದ ಹಳೆಯ ಫಿಲಂ ಸುರುಳಿಗಳು. 1932ರಲ್ಲಿ ಕೊಡಕ್ ಕಂಪನಿ ಎಂಟು ಮಿಲಿಮೀಟರ್ ಫಿಲಂ ಹೊರತಂದಿತು. ಹದಿನಾರು ಮಿಲಿಮೀಟರ್ ಅಗಲದ ಪಟ್ಟಿಯ ಒಂದು ಅರ್ಧದಲ್ಲಿ ಚಿತ್ರ ತೆಗೆದು, ಸುರುಳಿ ತಿರುಗಿಸಿ ಹಾಕಿ ಇನ್ನೊಂದು ಅರ್ಧದಲ್ಲಿ ತೆಗೆದು, ಆಮೇಲೆ ಉದ್ದಕ್ಕೆ ಸೀಳುತ್ತಿದ್ದರು. ಖರ್ಚು ಇಳಿಯಿತು, ಸ್ಟುಡಿಯೋ ಇಲ್ಲದ ಹವ್ಯಾಸಿಗಳೂ ಮಕ್ಕಳ ಆಟ, ಪ್ರವಾಸ, ಹಬ್ಬಗಳನ್ನು ಚಿತ್ರಿಸಿದರು. ಬೆಂಗಳೂರಿನ ಹವ್ಯಾಸಿ ಚಿತ್ರಕಾರ ಟಾಮ್ ಡಿ'ಅಗ್ವಿಯರ್ ಅವರನ್ನು ಕುರಿತು ಅಬ್ರಹಾಂ 2005ರಲ್ಲಿ 'ಸ್ಟ್ರೇಟ್ 8' ಮಾಡಿದರು. ಬೆಂಗಳೂರಿನಲ್ಲಿ ಹುಟ್ಟಿ ಲೋಕಪ್ರಸಿದ್ಧರಾದ ನರ್ತಕ ರಾಮ್‌ಗೋಪಾಲ್ ಅವರ ಬಗ್ಗೆ 2011ರಲ್ಲಿ 'ಐ ಸಾ ಎ ಗಾಡ್ ಡಾನ್ಸ್' ಬಂತು. ಇವು ಪ್ರತಿಷ್ಠಾಪನೆಗಿಂತ ಕಿರುಚಿತ್ರಕ್ಕೆ ಹತ್ತಿರ. ಆದರೆ ಕೆಲಸದ ರೀತಿ ಅದೇ: ಗೀರು ಬಿದ್ದ, ಬಣ್ಣ ಮಾಸಿದ ತುಣುಕನ್ನು ಬಿಸಾಡದೆ, ಅದನ್ನು ತೆಗೆದವರು ಯಾರು, ಅದರಲ್ಲಿರುವವರು ಯಾರು ಎಂದು ಕೇಳಿ ಹೊಸದಾಗಿ ಜೋಡಿಸುವುದು.

ಸಿಹಿ ಸುಳ್ಳಿನ ಅಪಾಯ

ಹಂಬಲವನ್ನು ಹೊಗಳಿ ಮುಗಿಸಿದರೆ ವಿಷಯಕ್ಕೆ ನ್ಯಾಯವಾಗದು. ನೆನಪು ಸುಳ್ಳು ಹೇಳುತ್ತದೆ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲೇ ಇದನ್ನು ತೋರಿಸಿದರು. ಅಪರಿಚಿತ ಕಥೆಯೊಂದನ್ನು ಓದಿಸಿ, ಕಾಲ ಬಿಟ್ಟು ಬಿಟ್ಟು ಅದನ್ನೇ ಮತ್ತೆ ಹೇಳಿಸಿದಾಗ ಜನ ಅರ್ಥವಾಗದ ಭಾಗ ಬಿಟ್ಟು, ತಮಗೆ ಒಗ್ಗುವ ಭಾಗ ಸೇರಿಸಿ ಬೇರೆಯೇ ಕಥೆ ಹೇಳಿದರು. 2000ದಲ್ಲಿ ಕರೀಮ್ ನಾದರ್ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗ ಇನ್ನೂ ಆಳಕ್ಕೆ ಹೋಯಿತು. ಗಟ್ಟಿಯಾಗಿ ಕೂತಿದ್ದ ನೆನಪು ಕೂಡ ಮರುಕಳಿಸಿದಾಗ ಸ್ವಲ್ಪ ಹೊತ್ತು ಸಡಿಲವಾಗಿರುತ್ತದೆ. ಮಿದುಳು ಅದನ್ನು ಮತ್ತೆ ಪ್ರೋಟೀನು ತಯಾರಿಸಿ ಭದ್ರಪಡಿಸಬೇಕು. ಆ ಹೊತ್ತಿನಲ್ಲಿ ನೆನಪು ಬದಲಾಗಲು ಅವಕಾಶವಿದೆ.

ಆದ್ದರಿಂದಲೇ "ಹಿಂದೆ ಎಲ್ಲವೂ ಚೆನ್ನಾಗಿತ್ತು" ಎಂಬ ಮಾತನ್ನು ಪರೀಕ್ಷಿಸದೆ ಒಪ್ಪಬಾರದು. ಹಿಂದಿನ ಕಾಲದ ಬಾವಿಯ ನೀರು ಸಿಹಿಯಾಗಿತ್ತು, ನಿಜ. ಆ ಬಾವಿಗೆ ಎಲ್ಲರಿಗೂ ಪ್ರವೇಶವಿತ್ತೇ? ಖಾನ್ ಬಾಗಿನ ಚೆಲುವನ್ನು ನೆನೆಯುವಾಗ ಬಲವಂತವಾಗಿ ಹೊರಟ 12,000 ಸಂಸಾರಗಳನ್ನೂ ನೆನೆಯಬೇಕು. ಹಳೆಯ ಕಾಲದ ಹೆಸರಿನಲ್ಲಿ ನೆರೆಯವರ ಮೇಲೆ ದ್ವೇಷ ಹುಟ್ಟಿಸುವುದೂ ಹಂಬಲದ ಬಲದಿಂದಲೇ. ಒಳ್ಳೆಯ ಕಲಾವಿದ ಒಂದೇ ಗೋಡೆಯ ಬದಲು ಎದುರು ಬದುರು ಗೋಡೆಗಳಲ್ಲಿ ಚಿತ್ರ ಬಿಡುವುದು ಇದಕ್ಕೇ. ಒಂದು ನೆನಪಿನ ಎದುರಿಗೆ ಇನ್ನೊಂದು ನೆನಪು ನಿಂತಾಗ ನೋಡುವವನು ಯೋಚಿಸಲು ತೊಡಗುತ್ತಾನೆ.

ಟೇಪಿಗೂ ಆಯುಸ್ಸು ಉಂಟು

ಎಂಬತ್ತು ತೊಂಬತ್ತರ ದಶಕಗಳಲ್ಲಿ ನಡೆದ ಮದುವೆ, ಗೃಹಪ್ರವೇಶ, ಜಾತ್ರೆಗಳ ವಿಡಿಯೋ ಕ್ಯಾಸೆಟ್ಟುಗಳು ಇಂದಿಗೂ ಎಷ್ಟೋ ಮನೆಗಳ ಬೀರುವಿನಲ್ಲಿವೆ. ಅವುಗಳಲ್ಲಿ ಈಗ ಇಲ್ಲದ ಅಜ್ಜ ನಡೆದಾಡುತ್ತಾರೆ, ಬಿದ್ದುಹೋದ ತೊಟ್ಟಿಯ ಮನೆ ನಿಂತಿದೆ, ತುಂಬಿದ ಕೆರೆಯ ಏರಿಯ ಮೇಲೆ ದಿಬ್ಬಣ ಹೋಗುತ್ತಿದೆ. ಆದರೆ ಅವು ನಿಧಾನವಾಗಿ ಸಾಯುತ್ತಿವೆ. ವಿಡಿಯೋ ಟೇಪೆಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಅಂಟಿನಲ್ಲಿ ಹಿಡಿದಿಟ್ಟ ಲೇಪ. ಕಣಗಳ ಕಾಂತತ್ವದ ದಿಕ್ಕಿನಲ್ಲಿ ಚಿತ್ರ ಅಡಗಿದೆ. ಗಾಳಿಯ ತೇವ ಹೀರಿ ಅಂಟು ಒಡೆಯುತ್ತದೆ, ಲೇಪ ಉದುರುತ್ತದೆ, ಬೂಷ್ಟು ಹಿಡಿಯುತ್ತದೆ. ಟೇಪು ಉಳಿದರೂ ಅದನ್ನು ಹಾಕಿ ನೋಡುವ ಯಂತ್ರ ಉಳಿದಿಲ್ಲ. ವಿಎಚ್ಎಸ್ ಯಂತ್ರ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲಿ ಉತ್ಪಾದನೆ ನಿಲ್ಲಿಸಿತು.

ದೊಡ್ಡ ಕಲಾಕೃತಿಗಳಿಗೂ ಇದೇ ಕಷ್ಟ. ಪೈಕ್ 1988ರಲ್ಲಿ ದಕ್ಷಿಣ ಕೊರಿಯಾದ ರಾಷ್ಟ್ರೀಯ ಕಲಾ ಸಂಗ್ರಹಾಲಯಕ್ಕಾಗಿ 1003 ಟೀವಿಗಳ ಗೋಪುರ ಕಟ್ಟಿದ್ದರು. ಅಕ್ಟೋಬರ್ 3 ಆ ದೇಶದ ಸಂಸ್ಥಾಪನಾ ದಿನ. ಆದ್ದರಿಂದ ಆ ಸಂಖ್ಯೆ. ಹಳೆಯ ಟೀವಿಗಳು ಅಪಾಯಕಾರಿಯಾಗಿ 2018ರಲ್ಲಿ ಗೋಪುರವನ್ನು ಆರಿಸಬೇಕಾಯಿತು. 737 ಹಳೆಯ ಕೊಳವೆ ಟೀವಿಗಳನ್ನು ರಿಪೇರಿ ಮಾಡಿ, 266ಕ್ಕೆ ಹೊಸ ಚಪ್ಪಟೆ ಪರದೆ ಹಾಕಿ 2022ರಲ್ಲಿ ಮತ್ತೆ ಬೆಳಗಿಸಿದರು. ಒಂದು ದೇಶದ ಸಂಗ್ರಹಾಲಯಕ್ಕೆ ಇಷ್ಟು ಪಾಡಾದರೆ ಮನೆಯ ಬೀರುವಿನ ಕ್ಯಾಸೆಟ್ಟಿನ ಗತಿಯೇನು?

ಆದ್ದರಿಂದ ಹಿರಿಯರು ಮಾಡಬಹುದಾದ ಕೆಲಸ ಕೆಲವಿವೆ. ಕ್ಯಾಸೆಟ್ಟುಗಳನ್ನು ತೇವ, ಬಿಸಿಲು, ಸ್ಪೀಕರಿನಂಥ ಕಾಂತವಿರುವ ವಸ್ತುಗಳಿಂದ ದೂರ ಇಡಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಬೂಷ್ಟು ಹಿಡಿದದ್ದನ್ನು ಯಂತ್ರಕ್ಕೆ ಹಾಕಬೇಡಿ. ಟೇಪೂ ಯಂತ್ರವೂ ಎರಡೂ ಹಾಳಾಗುತ್ತವೆ. ಬಲ್ಲವರಲ್ಲಿ ಕೊಟ್ಟು ಡಿಜಿಟಲ್ ರೂಪಕ್ಕೆ ಇಳಿಸಿ, ಎರಡು ಪ್ರತಿ ಮಾಡಿ ಎರಡು ಬೇರೆ ಮನೆಗಳಲ್ಲಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರದಲ್ಲಿರುವವರ ಹೆಸರು, ಊರು, ವರ್ಷ ಬರೆದಿಡಿ. ಹೆಸರಿಲ್ಲದ ಮುಖ ಮೊಮ್ಮಕ್ಕಳ ಕಾಲಕ್ಕೆ ಅಪರಿಚಿತರ ಮುಖವಾಗುತ್ತದೆ.

ಶಿರಾದ ಮೂರು ಗೋಡೆ

ಇನ್ನು ವಿದ್ಯಾರ್ಥಿಗಳ ಪಾಲಿನ ಕೆಲಸ. ಶಿರಾದ ಯಾವುದಾದರೂ ಶಾಲೆಯ ಒಂದು ಕೋಣೆಯನ್ನು ಕಲ್ಪಿಸಿಕೊಳ್ಳಿ. ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದಾರೆ. ಕಂಬಳಿಗೆ ಹೆಸರಾದ ಊರಿದು, ಅದಕ್ಕೇನೂ ಬರವಿಲ್ಲ. ಒಂದು ಗೋಡೆಯಲ್ಲಿ ಕಂಬಳಿ ನೇಯುವ ಅಜ್ಜನ ಕೈಗಳು. ಇನ್ನೊಂದರಲ್ಲಿ ಕಗ್ಗಲಡುವಿನ ಹುಣಸೆ ಮರಗಳಿಗೆ ವರ್ಷವರ್ಷವೂ ಮರಳಿ ಬಂದು ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು. ಮೂರನೆಯದರಲ್ಲಿ ಹಳೆಯ ಕ್ಯಾಸೆಟ್ಟಿನಿಂದ ಉಳಿಸಿಕೊಂಡ ದಿಬ್ಬಣ. ಎಲ್ಲೋ ಮೂಲೆಯಿಂದ ಜುಂಜಪ್ಪನ ಕಥೆ ಹಾಡುವವರ ಗಣೆಯ ನಾದ. ಎದುರಿಗೆ ಅಜ್ಜಿಯೊಬ್ಬರ ದನಿ, ಬರಗಾಲದಲ್ಲಿ ಊರು ಬಿಟ್ಟವರ ಮಾತು. ಚೆಲುವೂ ಸಂಕಟವೂ ಎದುರುಬದುರು.

ಇದಕ್ಕೆ ಬೇಕಾದದ್ದು ಮೊಬೈಲ್ ಫೋನು, ಶಾಲೆಯ ಪ್ರೊಜೆಕ್ಟರು, ಬಿಳಿ ಪಂಚೆ. ಲೆಕ್ಕ ಗೊತ್ತಿರಲಿ: ಪ್ರೊಜೆಕ್ಟರನ್ನು ಗೋಡೆಯಿಂದ ಇಮ್ಮಡಿ ದೂರಕ್ಕೆ ಸರಿಸಿದರೆ ಚಿತ್ರದ ಉದ್ದ ಅಗಲ ಎರಡೂ ಇಮ್ಮಡಿ, ವಿಸ್ತೀರ್ಣ ನಾಲ್ಮಡಿ, ಹೊಳಪು ಕಾಲು ಭಾಗ. ಪ್ರೊಜೆಕ್ಟರು ಒಂದೇ ಇದ್ದರೆ ಉಳಿದ ಗೋಡೆಗಳಿಗೆ ಮನೆಯ ಟೀವಿ, ಕಂಪ್ಯೂಟರ್ ಪರದೆ ಸಾಕು. ಗೊತ್ತಿರಬೇಕಾದ ಇನ್ನೊಂದು ಮಾತು: ಯಾರ ಮುಖ, ದನಿ ತೆಗೆದುಕೊಂಡರೂ ಅವರ ಒಪ್ಪಿಗೆ ಕೇಳಬೇಕು, ಮುಗಿದ ಮೇಲೆ ಅವರಿಗೇ ಮೊದಲು ತೋರಿಸಬೇಕು.

ಇಂಥ ಗೀಳಿನಿಂದ ಮಗನ, ಮಗಳ ಓದು ಕೆಟ್ಟೀತೆಂದು ಪೋಷಕರು ಹೆದರಬೇಕಾಗಿಲ್ಲ. ಭೌತಶಾಸ್ತ್ರ, ಇತಿಹಾಸ, ಭಾಷೆ ಮೂರೂ ಇದರಲ್ಲಿ ಸೇರಿವೆ. ಮುಂದೆ ಇದನ್ನೇ ಓದಬೇಕೆಂದರೆ ದೃಶ್ಯಕಲೆಯ ಪದವಿ ಬೆಂಗಳೂರು, ಮೈಸೂರುಗಳಲ್ಲಿ ಇದೆ. ಬೆಂಗಳೂರಿಗೆ ಹೋದಾಗ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಬಹುದು.

ಬರುವ ರಜಾದಿನದಲ್ಲಿ ಬೀರುವಿನ ಮೇಲಿನ ಖಾನೆ ತೆಗೆದು, ಅಲ್ಲಿ ಏನೇನಿದೆ ಎಂದು ಮಕ್ಕಳೂ ಹಿರಿಯರೂ ಒಟ್ಟಿಗೆ ಕೂತು ನೋಡಲಿ. ಫೋಟೋದಲ್ಲಿರುವವರು ಯಾರು, ಅದು ಯಾವ ಕೆರೆ, ಆ ವರ್ಷ ಮಳೆ ಹೇಗಿತ್ತು ಎಂದು ಮಕ್ಕಳು ಕೇಳಲಿ. "ನಮ್ಮ ಕಾಲದಲ್ಲಿ..." ಎಂದು ಹಿರಿಯರು ಶುರುಮಾಡಿದಾಗ ಈ ಸಲ ಎದ್ದು ಹೋಗದೆ ಫೋನಿನ ಕ್ಯಾಮೆರಾ ಆನ್ ಮಾಡಿ, ಮುಂದೆ ಹೇಳಿ ಎನ್ನಲಿ.